ನೈಟ್ರೋಜನ್ ತುಂಬಿಸಿದರೆ ಟೈರ್ ಪ್ರೆಶರ್ ಏರುವುದಿಲ್ಲವೇ?

ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಮೊದಲ ಸಲ ಕಾರು ಒಯ್ಯುವವರ ಮೊಬೈಲಿಗೆ ಈ ಮಾತು ಹೇಗೋ ಬಂದು ತಲುಪುತ್ತದೆ: ನೈಟ್ರೋಜನ್ ತುಂಬಿಸಿ, ಟೈರ್ ಎಷ್ಟು ಬಿಸಿಯಾದರೂ ಪ್ರೆಶರ್ ಏರದು. ಇದು ನಿಜವಲ್ಲ. ಮಾಮೂಲಿ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ಹಿಗ್ಗುತ್ತವೆ. 30 ಪಿಎಸ್‌ಐ (ಪ್ರೆಶರ್ ಅಳೆಯುವ ಮಾನ) ಇರುವ ಟೈರಿನೊಳಗಿನ ಗಾಳಿ 10 ಡಿಗ್ರಿ ಕಾದರೆ ಪ್ರೆಶರ್ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ನೈಟ್ರೋಜನ್‌ನಲ್ಲಿ ತೇವಾಂಶ ಕಡಿಮೆ, ಹಾಗಾಗಿ ಏರಿಕೆಯ ಅಂದಾಜು ತುಸು ಸುಲಭ, ಅಷ್ಟೇ. ರೇಸ್ ಕಾರುಗಳಲ್ಲೂ ಬಳಸುತ್ತಾರಲ್ಲ, ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಪರೀಕ್ಷಿಸಲು ಒಂದು ಗೇಜ್ ಸಾಕು. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಅಳೆದು ಬರೆದಿಡಿ. ನಾಲ್ಕು ಸುತ್ತು ಹೊಡೆದು ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗ) ಬಂದ ಕೂಡಲೇ ಮತ್ತೆ ಅಳೆಯಿರಿ. ಏರಿದ ಪ್ರೆಶರ್ ತಗ್ಗಿಸಲು ಅಲ್ಲಿ ಗಾಳಿ ಇಳಿಸಿದ್ದರೆ, ಟೈರ್ ತಣಿದ ಮೇಲೆ ಬಾಗಿಲ ಬಳಿಯ ಸ್ಟಿಕರ್‌ನಲ್ಲಿರುವಷ್ಟು ತುಂಬಿಸಿಕೊಂಡೇ ಊರಿಗೆ ಹೊರಡಿ.