ಮಣಿಪಾಲ ಜೀನು

ಕೇಂದ್ರ ಸರ್ಕಾರದ ಜೀನೋಮ್ ಇಂಡಿಯಾ ಯೋಜನೆಯವರು 10,000 ಭಾರತೀಯರ ವಂಶವಾಹಿ, ಅಂದರೆ ಜೀನು, ಓದುವ ಕೆಲಸ ಮಾಡಿ, 2025ರ ಜನವರಿಯಲ್ಲಿ ಮಾಹಿತಿಯನ್ನು ಸಂಶೋಧಕರಿಗೆ ಬಿಟ್ಟುಕೊಟ್ಟಿದ್ದೂ ಆಯ್ತು. ಇನ್ನು ಯಾರಿಗೆ ಯಾವ ಔಷಧ ಒಗ್ಗುತ್ತದೆ ಅಂತ ಮೊದಲೇ ಹೇಳಬಹುದಂತೆ. ಸಂತೋಷ. ಉತ್ತರ ಕನ್ನಡದವರ ವಿಷಯ ಮಾತ್ರ ರಕ್ತ ತೆಗೆಯದೆಯೇ ಹೇಳಬಹುದು: ನಮ್ಮ ಔಷಧ ಜಿಲ್ಲೆಯ ಹೊರಗಿರುತ್ತದೆ.

ನಮ್ಮಲ್ಲೊಂದು ವಿಶೇಷ ಜೀನು ಇರಲೇಬೇಕು. ಎದೆನೋವು ಬಂದದ್ದೇ ತಡ, ದೊಡ್ಡ ಆಸ್ಪತ್ರೆ ಹುಡುಕಿ ಹೊನ್ನಾವರದವರ ಮುಖ ಮಣಿಪಾಲದ ಕಡೆ, ಶಿರಸಿಯವರದು ಹುಬ್ಬಳ್ಳಿ ಕಡೆ, ಕಾರವಾರದವರದು ಗೋವಾ ಕಡೆ ತಾನಾಗಿ ತಿರುಗುತ್ತದೆ. ಯಾರೂ ಕಲಿಸಿದ್ದಲ್ಲ. ಅದರ ಮಗ್ಗುಲಲ್ಲೇ ಘಟ್ಟದ ಜೀನು. ಒಂದು ಕೈಯಲ್ಲಿ ಸಲೈನ್ ಬಾಟಲಿ ಎತ್ತಿ ಹಿಡಿದು, ಇನ್ನೊಂದರಲ್ಲಿ ಮೊಬೈಲ್ ಹಿಡಿದು, ತಿರುವಿನಲ್ಲಿ ಬೀಳದೆ "ಬೆಡ್ ಉಂಟಾ? ಐಸಿಯುದಲ್ಲಿ?" ಅಂತ ಕೇಳುವ ಸೋದರಮಾವ ಇಲ್ಲದ ಮನೆ ಇದೆಯೇ? ವಿಜ್ಞಾನಿಗಳು ಮೊದಲು ಈ ಮಾವನನ್ನು ಓದಬೇಕು.

ನಮ್ಮ ಕಾಡಿನ ಸಿದ್ದಿ ಬುಡಕಟ್ಟಿನವರ ಜೀನನ್ನಂತೂ ಆಗಲೇ ಓದಿಯಾಗಿದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು 2011ರಲ್ಲೇ ಹೇಳಿದರು: ಮೂಲ ಆಫ್ರಿಕಾದ ಬಂಟು ಜನ, ಇಲ್ಲಿನವರ ಜೊತೆ ಬೆರೆತು ಸುಮಾರು 200 ವರ್ಷ. ಎಂಟು ತಲೆಮಾರಿನ ಹಿಂದಿನ ಅಜ್ಜನ ವಿಳಾಸ ಸಿಕ್ಕಿತು. ಯಲ್ಲಾಪುರದ ಕಾಡೊಳಗಿನ ಮೊಮ್ಮಗಳ ಮನೆಗೆ ಮಳೆಗಾಲದಲ್ಲಿ ಆಂಬುಲೆನ್ಸ್ ಬರುತ್ತದಾ, ಕೇಳಿ ನೋಡಿ.

ಸಂಶೋಧನೆ ಬೇಡ ಅನ್ನುತ್ತಿಲ್ಲ. ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ಜೀನು ಅಪ್ಪ ಅಮ್ಮ ಇಬ್ಬರಲ್ಲೂ ಅಡಗಿದ್ದರೆ, ಪ್ರತಿ ಬಸಿರಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲೇ ತಿಳಿದರೆ ಒಳ್ಳೆಯದೇ ಅಲ್ವಾ? 2023ರಲ್ಲಿ ಅದರ ನಿರ್ಮೂಲನೆಗೆ ಸರ್ಕಾರದ ಅಭಿಯಾನ ಶುರುವಾಗಿದೆ, ಪರೀಕ್ಷೆ ಮಾಡಿ ಕಾರ್ಡು ಕೊಡುತ್ತಾರೆ, 2047ಕ್ಕೆ ಕಾಯಿಲೆಯೇ ಇರುವುದಿಲ್ಲವಂತೆ. ಆದರೆ ಕೈಕಾಲು ಸೆಳೆದು ಮಗು ಕಿರುಚುವ ರಾತ್ರಿ ಬೇಕಾದದ್ದು ನೋವಿನ ಮದ್ದು, ಸಲೈನು, ಎಚ್ಚರವಿರುವ ಡಾಕ್ಟರು. ಕಾರ್ಡನ್ನು ತೇಯ್ದು ಕುಡಿಸಲಿಕ್ಕೆ ಬರುವುದಿಲ್ಲ.

ಭರವಸೆ ಕೊಡುವ ಜೀನು ಎಲ್ಲ ಪಕ್ಷದಲ್ಲೂ ಪ್ರಬಲ. ಕಟ್ಟಿಸುವ ಜೀನು ಮಾತ್ರ ಸುಪ್ತ, ಪೀಳಿಗೆ ದಾಟಿದರೂ ಹೊರಗೆ ಬರುವುದಿಲ್ಲ.

ಸಾಕು, ತಮಾಷೆ ಮಾಡಲಿಕ್ಕೂ ಬೇಜಾರು ಮಾರಾಯ್ರೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಯಿತು. ನಾಲ್ವರು ಸತ್ತರು. ಜಿಲ್ಲೆಗೆ ಜಿಲ್ಲೆಯೇ ಆಸ್ಪತ್ರೆ ಕೊಡಿ ಅಂತ ಬಾಯಿ ಬಡಿದುಕೊಂಡಿತು. ಜಾಗ ನೋಡಿದರು, ಮನವಿ ತಗೊಂಡರು, ಫೋಟೋ ತೆಗೆಸಿಕೊಂಡರು. ರಕ್ತ ಬೇಕಿದ್ದರೆ ಇನ್ನೂ ಒಂದು ಬಾಟಲಿ ತೆಗೆದುಕೊಳ್ಳಿ. ಆಸ್ಪತ್ರೆ ಯಾವಾಗ ಕಟ್ಟುತ್ತೀರಿ, ಅದನ್ನು ಹೇಳಿ.