ಮಾರಿದ ಎತ್ತಿಗೆ ಕಂಚಿನ ಪ್ರತಿಮೆ

ದನದ ಜಾತ್ರೆಯಲ್ಲಿ ವ್ಯಾಪಾರ ನಡೆಯುವುದನ್ನು ನೋಡಿದ್ದೀರಲ್ವಾ? ಇಬ್ಬರು ಎದುರುಬದುರು ನಿಂತಿರುತ್ತಾರೆ. ಕೈ ಮೇಲೊಂದು ಟವೆಲ್. ಅದರ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುತ್ತಾರೆ. ಪಕ್ಕದಲ್ಲೇ ನಿಂತವನಿಗೂ ಗುಟ್ಟು ಗೊತ್ತಾಗುವುದಿಲ್ಲ. ಟವೆಲ್ ಸರಿಯುವ ಹೊತ್ತಿಗೆ ಎತ್ತು ಬೇರೆಯವರದ್ದಾಗಿರುತ್ತದೆ, ಅಷ್ಟೆ.

1988ರ ಆಗಸ್ಟ್ 9ರಂದು ಕೆನಡಾದ ಎಡ್ಮಂಟನ್‌ನಲ್ಲಿ ಇಂಥದ್ದೇ ಒಂದು ಟವೆಲ್ ಸರಿಯಿತು. ಐಸ್ ಹಾಕಿಯ ದೇವರು ವೇಯ್ನ್ ಗ್ರೆಟ್ಸ್ಕಿ ಅಮೆರಿಕದ ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಪಾಲಾಗಿದ್ದ. ವಯಸ್ಸು ಇನ್ನೂ 27. ಎಡ್ಮಂಟನ್ ಆಯಿಲರ್ಸ್ ತಂಡಕ್ಕೆ ಐದು ವರ್ಷದಲ್ಲಿ ನಾಲ್ಕು ಸಲ ಸ್ಟಾನ್ಲಿ ಕಪ್, ಅಂದರೆ ಅಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನ ಚಾಂಪಿಯನ್ ಕಪ್, ಗೆದ್ದುಕೊಟ್ಟಿದ್ದ. ನಾಲ್ಕನೆಯದು ಬಂದು ಮೂರು ತಿಂಗಳೂ ಆಗಿರಲಿಲ್ಲ. ಪತ್ರಿಕಾಗೋಷ್ಠಿಯಲ್ಲಿ ಮಾತು ಮುಗಿಸಲಾಗದೆ ಅತ್ತುಬಿಟ್ಟ. ಅಳುವುದಿಲ್ಲ ಅಂತ ಗೆಳೆಯ ಮಾರ್ಕ್ ಮೆಸ್ಸಿಯರ್‌ಗೆ ಮಾತು ಕೊಟ್ಟಿದ್ದನಂತೆ. ಅದನ್ನು ಹೇಳುತ್ತಲೇ ಅತ್ತ.

ಅವನದು ಬಿಡಿ, ಊರು ಅತ್ತಿದ್ದು ನೋಡಬೇಕಿತ್ತು. ಮೊದಲು ಅಳು, ಆಮೇಲೆ ಬೈಗುಳ, ಆಮೇಲೆ ಬೆಂಕಿಕಡ್ಡಿ. ತಂಡದ ಮಾಲೀಕ ಪೀಟರ್ ಪಾಕ್ಲಿಂಗ್‌ಟನ್ ಅವರ ಪ್ರತಿಕೃತಿ ಸುಟ್ಟರು. ಪ್ರತಿಕೃತಿ ದಹನ ನಮ್ಮ ಊರಿನ ಸರ್ಕಲ್‌ಗಳಿಗೆ ಮಾತ್ರ ಮೀಸಲು ಅಂತ ನಾನು ಅಂದುಕೊಂಡಿದ್ದೆ. ಸುಮ್ನೆ ಹೆಮ್ಮೆ ಪಡುತ್ತಿದ್ದೆ.

ಅಭಿಮಾನಿಗೆ ಅವನದೇ ಒಂದು ವ್ಯಾಕರಣ ಇರುತ್ತದೆ. ಮೇ ತಿಂಗಳಲ್ಲಿ ಕಪ್ ಬಂದಾಗ 'ನಾವು ಗೆದ್ವಿ' ಅಂದಿದ್ದ. ಆಗಸ್ಟ್‌ನಲ್ಲಿ ಅದೇ ಬಾಯಿ 'ಅವನು ಮಾರಿಬಿಟ್ಟ' ಅಂದಿತು. ಮಧ್ಯದಲ್ಲಿ ಆ 'ನಾವು' ಎಲ್ಲಿ ಹೋಯಿತೋ. ಗ್ರೆಟ್ಸ್ಕಿ ನಮ್ಮವನು, ನಮ್ಮವನು ಅಂತ ಒಂಬತ್ತು ವರ್ಷ ಕೂಗಿದವರು ಒಂದು ದಿನವಾದರೂ ಪಹಣಿ ತೆಗೆಸಿ ನೋಡಿರಲಿಲ್ಲ. ನೋಡಿದ್ದರೆ ಅಲ್ಲಿ ಎಡ್ಮಂಟನ್ ಊರಿನ ಹೆಸರಿರಲಿಲ್ಲ. ಪಾಕ್ಲಿಂಗ್‌ಟನ್ ಹೆಸರಿತ್ತು. 1979ರಲ್ಲಿ ಹುಡುಗನ ಹದಿನೆಂಟನೇ ಹುಟ್ಟುಹಬ್ಬದ ದಿನ, ಮೈದಾನದ ನಟ್ಟನಡುವೆ, ಸಾವಿರಾರು ಜನರ ಎದುರು 21 ವರ್ಷದ ಒಪ್ಪಂದಕ್ಕೆ ಸಹಿ ಹಾಕಿಸಿದ್ದರು. ಎಲ್ಲರೂ ಚಪ್ಪಾಳೆ ಹೊಡೆದಿದ್ದರು. ಕ್ರಯಪತ್ರದ ನೋಂದಣಿಗೆ ಇಷ್ಟು ಸಾಕ್ಷಿಗಳು ಬೇರೆಲ್ಲೂ ಸಿಗಲಿಕ್ಕಿಲ್ಲ.

ಇನ್ನೊಂದು ವಿಷಯ. ಗ್ರೆಟ್ಸ್ಕಿ ಎಡ್ಮಂಟನ್ ಮಣ್ಣಿನಲ್ಲೇನೂ ಹುಟ್ಟಿದವನಲ್ಲ. 1978ರಲ್ಲಿ ಇಂಡಿಯಾನಾಪೊಲಿಸ್ ರೇಸರ್ಸ್ ಅನ್ನುವ ತಂಡ ದುಡ್ಡಿಲ್ಲದೆ ಒದ್ದಾಡುತ್ತಿದ್ದಾಗ ಇದೇ ಪಾಕ್ಲಿಂಗ್‌ಟನ್ ಅವನನ್ನು ಕೊಂಡು ತಂದಿದ್ದರು. ಆಗ ಹುಡುಗನಿಗೆ 17 ವರ್ಷ. ಅಲ್ಲಿ ಆಡಿದ್ದು ಎಂಟೇ ಪಂದ್ಯ. ಇಂಡಿಯಾನಾಪೊಲಿಸ್ ಜನರ ಎದೆ ಒಡೆಯಿತಾ ಅಂತ ಎಡ್ಮಂಟನ್‌ನವರು ಯಾರೂ ವಿಚಾರಿಸಲಿಲ್ಲ. ಕೊಂಡು ತಂದರೆ ಮಾಲೀಕ ಜಾಣ, ಮಾರಿದರೆ ದ್ರೋಹಿ.

ವಿಷಯ ಪಾರ್ಲಿಮೆಂಟ್ ಮಂದಿಯವರೆಗೂ ಹೋಯಿತು. ಎನ್‌ಡಿಪಿ ಪಕ್ಷದ ಸಂಸದ ನೆಲ್ಸನ್ ರೀಸ್ ಅವರು ಸರ್ಕಾರ ಮಧ್ಯೆ ಬಂದು ಈ ವ್ಯಾಪಾರ ನಿಲ್ಲಿಸಬೇಕು ಅಂದರು. ಕಾಲ ಎಂಥದ್ದು ನೋಡಿ. ಪ್ರಧಾನಿ ಬ್ರಯಾನ್ ಮಲ್ರೋನಿ ಅಮೆರಿಕದ ಜೊತೆ ಮುಕ್ತ ವ್ಯಾಪಾರದ ಒಪ್ಪಂದಕ್ಕೆ ಅದೇ ವರ್ಷದ ಆರಂಭದಲ್ಲಿ ಸಹಿ ಹಾಕಿದ್ದರು. ಸರಕು ಸುಂಕವಿಲ್ಲದೆ ಗಡಿ ದಾಟಲಿ ಅನ್ನುವುದು ಅವರ ಆಸೆ. ಒಪ್ಪಂದ ಜಾರಿಯಾಗಬೇಕಿದ್ದದ್ದು 1989ರ ಜನವರಿ 1ಕ್ಕೆ. ದೇಶದ ಅತಿ ದೊಡ್ಡ ಸರಕು ಆಗಸ್ಟ್‌ನಲ್ಲೇ ಗಡಿ ದಾಟಿಬಿಟ್ಟಿತು. ಸರ್ಕಾರ ಹೇಗೆ ತಡೆಯಬೇಕಿತ್ತು ಅಂತ ನಾನೂ ಯೋಚಿಸಿದೆ. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಸಾಹೇಬರು ಕೈ ಅಡ್ಡ ಹಿಡಿದು 'ನೋಡೀಪ್ಪಾ, ಈ ಹುಡುಗನಿಗೆ ರಫ್ತು ಪರ್ಮಿಟ್ ಎಲ್ಲಿ?' ಅಂತ ಕೇಳಬೇಕಿತ್ತೇನೋ.

ಮಾಲೀಕರನ್ನು ಸುಟ್ಟಾಯಿತು, ಸರ್ಕಾರವನ್ನು ಕೇಳಿಯಾಯಿತು. ಕೋಪ ಇನ್ನೂ ಉಳಿದಿತ್ತು. ಉಳಿದ ಕೋಪ ಎಲ್ಲಿಗೆ ಹೋಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾ? ಸೊಸೆಯ ತಲೆಗೆ. ಜುಲೈ 16ರಂದು ಗ್ರೆಟ್ಸ್ಕಿ ಅಮೆರಿಕದ ನಟಿ ಜಾನೆಟ್ ಜೋನ್ಸ್ ಅವರನ್ನು ಎಡ್ಮಂಟನ್‌ನಲ್ಲೇ ಮದುವೆಯಾಗಿದ್ದ. ಕೆನಡಾದ ರಾಜಮನೆತನದ ಮದುವೆ ಅಂತ ಪತ್ರಿಕೆಗಳು ಬರೆದಿದ್ದವು. ಚರ್ಚ್ ಹೊರಗೆ ಸಾವಿರಾರು ಜನ ಬಿಸಿಲಲ್ಲಿ ನಿಂತು ಕೈ ಬೀಸಿದ್ದರು. ಸರಿಯಾಗಿ 24 ದಿನಕ್ಕೆ ಗಂಡ ಊರು ಬಿಟ್ಟ. ಎಲ್ಲ ಇವಳದೇ ಕೆಲಸ, ಸಿನಿಮಾ ಊರಿಗೆ ಎಳೆದುಕೊಂಡು ಹೋದಳು ಅಂತ ಅದೇ ಜನ ಶುರುಮಾಡಿದರು. ಕಾಲ್ಗುಣ ಅನ್ನುವ ಪದ ಅವರ ಭಾಷೆಯಲ್ಲಿಲ್ಲ, ಪಾಪ. ಪದ ಇಲ್ಲದಿದ್ದರೂ ಕೆಲಸ ಮಾತ್ರ ಅಚ್ಚುಕಟ್ಟಾಗಿ ಮುಗಿಸಿದರು. ವ್ಯಾಪಾರ ಕುದುರಿಸಿದವರು ಇಬ್ಬರು ಗಂಡಸರು, ಮನೆ ಒಡೆದ ಹೆಸರು ಮಾತ್ರ ಹೆಣ್ಣಿಗೆ.

ಎಷ್ಟಕ್ಕೆ ಹೋಯಿತು ಅಂತ ಕೇಳುತ್ತೀರಾ? ಒಂದೂವರೆ ಕೋಟಿ ಡಾಲರ್ ನಗದು. ಜೊತೆಗೆ ಜಿಮ್ಮಿ ಕಾರ್ಸನ್ ಅನ್ನುವ ಒಳ್ಳೆಯ ಆಟಗಾರ. ಮಾರ್ಟಿನ್ ಜೆಲಿನಾ ಅನ್ನುವ 18ರ ಹುಡುಗ. ಅವನನ್ನು ಕಿಂಗ್ಸ್‌ನವರು ಜೂನ್‌ನಲ್ಲಷ್ಟೇ ಆರಿಸಿಕೊಂಡಿದ್ದರು, ಅಂಗಿ ಮಡಿಕೆ ಬಿಚ್ಚುವ ಮೊದಲೇ ದಾಟಿಸಿದರು. ಇದರ ಮೇಲೆ 1989, 1991 ಮತ್ತು 1993ರ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕು. ಅಂದರೆ ಆ ವರ್ಷ ಹೊಸದಾಗಿ ಬರುವ ಹುಡುಗರಲ್ಲಿ ಕಿಂಗ್ಸ್‌ಗೆ ಸಿಗಬೇಕಾದವನನ್ನು ಎಡ್ಮಂಟನ್ ಆರಿಸಿಕೊಳ್ಳಬಹುದು. ನಮ್ಮ ಕಡೆ ಮಾವಿನ ತೋಟವನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಡುತ್ತಾರೆ. ಅದರಲ್ಲೇ ಎಷ್ಟೋ ಜನ ಕೈ ಸುಟ್ಟುಕೊಂಡಿದ್ದಾರೆ. ಇಲ್ಲಿ ಹೂವೂ ಇಲ್ಲ, ಮರವೂ ಇಲ್ಲ, ಓಟೆ ಇನ್ನೂ ಯಾರ ತಿಪ್ಪೆಯಲ್ಲಿತ್ತೋ. 1993ರ ಹಕ್ಕಿನಲ್ಲಿ ಎಡ್ಮಂಟನ್ ಆರಿಸಿಕೊಂಡ ನಿಕ್ ಸ್ಟಾಜ್ಡುಹಾರ್ ಈ ವ್ಯಾಪಾರದ ದಿನ 13 ವರ್ಷದ ಹುಡುಗ. ಗ್ರೆಟ್ಸ್ಕಿಗೆ ಬದಲಾಗಿ ಎಂಟನೇ ಕ್ಲಾಸಿನ ಹುಡುಗ! ಅವನು ದೊಡ್ಡವನಾಗಿ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಎರಡು ಪಂದ್ಯ. ಪಾಪ, ಅವನದೇನು ತಪ್ಪು? ಅವನಿಗೆ ಗೊತ್ತಿಲ್ಲದ ಹಾಗೆ ಅವನ ಹೆಸರಿಗೆ ದೇವರನ್ನೇ ಅಡ ಇಟ್ಟಿದ್ದರು.

ಟವೆಲ್‌ನ ಆ ಕಡೆ ಕೈ ಇಟ್ಟವರು ಕಿಂಗ್ಸ್ ತಂಡದ ಮಾಲೀಕ, ಹಳೇ ನಾಣ್ಯಗಳ ವ್ಯಾಪಾರಿ ಬ್ರೂಸ್ ಮೆಕ್‌ನಾಲ್. ಅವರು ಕೊನೆಗೆ ಬ್ಯಾಂಕುಗಳಿಗೆ ವಂಚಿಸಿದ ಪ್ರಕರಣದಲ್ಲಿ ಜೈಲಿಗೆ ಹೋದರು. ಈ ಕಡೆಯ ಪಾಕ್ಲಿಂಗ್‌ಟನ್ ಅವರದು ಇನ್ನೂ ಸ್ವಾರಸ್ಯ. 1984ರಲ್ಲಿ ಮೊದಲ ಕಪ್ ಗೆದ್ದಾಗ ಅದರ ಮೇಲೆ ಆಟಗಾರರ ಹೆಸರಿನ ಜೊತೆ ತಮ್ಮ ಅಪ್ಪ ಬೇಸಿಲ್ ಅವರ ಹೆಸರನ್ನೂ ಕೆತ್ತಿಸಿಬಿಟ್ಟರು. ಅಪ್ಪನಿಗೂ ತಂಡಕ್ಕೂ ಏನೂ ಸಂಬಂಧವಿಲ್ಲ. ಲೀಗ್‌ನವರು ಸಿಟ್ಟಾಗಿ ಆ ಹೆಸರಿನ ಮೇಲೆ ಸಾಲಾಗಿ ಹದಿನಾರು ಸಲ ಎಕ್ಸ್ ಹೊಡೆಸಿದರು. ಇವತ್ತಿಗೂ ಆ ಗೀಟು ಹಾಗೇ ಇದೆ. ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ಬೆಳಕೇ ಬೀಳದ ಹಾಗೆ ದಾನಿಗಳ ಹೆಸರು ಬರೆಸುವ ನಮ್ಮವರಿಗೆ ಇದೇನು ಹೊಸದಲ್ಲ ಬಿಡಿ. ಆದರೂ ನಮ್ಮ ಅರ್ಚಕರು ಯಾರೂ ಅಳಿಸುವ ಧೈರ್ಯ ಮಾಡಿಲ್ಲ. ಒಟ್ಟಿನಲ್ಲಿ ಕಪ್ಪನ್ನೇ ಮನೆಯ ಸ್ಟೀಲ್ ಪಾತ್ರೆ ಅಂದುಕೊಂಡವರು, ಆಟಗಾರನನ್ನು ಏನಂದುಕೊಂಡಾರು ಅಂತ ನಾಲ್ಕು ವರ್ಷ ಮೊದಲೇ ಅರ್ಥವಾಗಬೇಕಿತ್ತು.

ಈ ಗೋಳೇ ಬೇಡ ಅನ್ನುವವರು ಕೊಡಗಿಗೆ ಬರಬೇಕು. ಅಲ್ಲೂ ಹಾಕಿ, ಆದರೆ ಹುಲ್ಲಿನ ಮೇಲೆ. 1997ರಲ್ಲಿ ಶುರುವಾದ ಕೊಡವ ಹಾಕಿ ಹಬ್ಬದಲ್ಲಿ ತಂಡ ಅಂದರೆ ಒಕ್ಕ, ಮನೆತನ. ಈಗ ಮುನ್ನೂರಕ್ಕೂ ಹೆಚ್ಚು ಮನೆತನಗಳು ಇಳಿಯುತ್ತವೆ. ಅಲ್ಲಿ ಒಬ್ಬ ಫಾರ್ವರ್ಡ್‌ನನ್ನು ಟ್ರೇಡ್ ಮಾಡಬೇಕಾದರೆ ದತ್ತು ಕೊಡಬೇಕಾಗುತ್ತದೆ.

ಮತ್ತೆ ಎಡ್ಮಂಟನ್‌ಗೆ ಬರೋಣ. ಅಕ್ಟೋಬರ್‌ನಲ್ಲಿ ಗ್ರೆಟ್ಸ್ಕಿ ಕಿಂಗ್ಸ್ ಅಂಗಿ ತೊಟ್ಟು ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಅದಕ್ಕೆ ಬದಲಾಗಿ 1989ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಆಯಿಲರ್ಸನ್ನು ಮನೆಗೆ ಕಳಿಸಿದ. ಹಿಂದಿನ ವರ್ಷದ ಚಾಂಪಿಯನ್ನರು ಏಳು ಪಂದ್ಯಗಳ ಸರಣಿಯಲ್ಲಿ 3-1ರಿಂದ ಮುಂದಿದ್ದರು, ಆಮೇಲಿನ ಮೂರನ್ನೂ ಸೋತರು. ಊರಿನವರಿಗೆ ಸಿಟ್ಟು ಬಂತಾ? ಬಂತು. ಆ ಸಿಟ್ಟಿನಲ್ಲಿ ಏನು ಮಾಡಿದರು? ಅದೇ ಆಗಸ್ಟ್‌ನಲ್ಲಿ ಸ್ಟೇಡಿಯಂ ಮುಂದೆ ಗ್ರೆಟ್ಸ್ಕಿಯ ಕಂಚಿನ ಪ್ರತಿಮೆ ನಿಲ್ಲಿಸಿದರು. ಎತ್ತು ಮಾರಿ ವರ್ಷಕ್ಕೆ ಬಸವಣ್ಣನ ಪ್ರತಿಷ್ಠಾಪನೆ. ಕಂಚಿನದನ್ನು ಯಾರೂ ಟ್ರೇಡ್ ಮಾಡಲಾರರು ಅಂತ ಧೈರ್ಯ ಇರಬೇಕು.

ಎರಡು ತಿಂಗಳೂ ಕಳೆದಿರಲಿಲ್ಲ. ಅಕ್ಟೋಬರ್ 15ರಂದು ನಿಜವಾದ ಗ್ರೆಟ್ಸ್ಕಿ ಮತ್ತೆ ಅದೇ ಸ್ಟೇಡಿಯಂಗೆ ಬಂದ. ಹಳೆಯ ಆಟಗಾರ ಗಾರ್ಡಿ ಹೋ ಅವರ 1,850 ಪಾಯಿಂಟ್‌ಗಳ (ಹೊಡೆದ ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿ) ದಾಖಲೆ ಮುರಿಯಬೇಕಿತ್ತು. ಆಯಿಲರ್ಸ್ ಒಂದು ಗೋಲಿನಿಂದ ಮುಂದಿತ್ತು, ಗೆಲ್ಲಲು ಒಂದು ನಿಮಿಷವೂ ಉಳಿದಿರಲಿಲ್ಲ. ಗ್ರೆಟ್ಸ್ಕಿ ಹೊಡೆದ. ದಾಖಲೆ ಬಿತ್ತು, ಸ್ಕೋರ್ ಸಮವಾಯಿತು. ತಮ್ಮ ತಂಡದ ಗೆಲುವು ಕೈ ಜಾರಿದ್ದಕ್ಕೆ ಊರೆಲ್ಲ ಎದ್ದು ನಿಂತು ಕೂಗಿತು, ಕುಣಿಯಿತು. ಆಟ ನಿಲ್ಲಿಸಿ ಸನ್ಮಾನವೂ ಆಯಿತು. ಸನ್ಮಾನ ಮುಗಿಸಿಕೊಂಡು ಅವನು ಓವರ್‌ಟೈಮ್‌ನಲ್ಲಿ ಇನ್ನೊಂದು ಗೋಲು ಹೊಡೆದು ಆಯಿಲರ್ಸನ್ನು ಸೋಲಿಸಿಯೇ ಹೋದ. ಹೊರಗೆ ಕಂಚಿನ ಗ್ರೆಟ್ಸ್ಕಿ ಆಯಿಲರ್ಸ್ ಅಂಗಿಯಲ್ಲಿ, ತಲೆಯ ಮೇಲೆ ಕಪ್ ಎತ್ತಿ ಹಿಡಿದು ನಿಂತೇ ಇದ್ದ.