ಬಾಂದ ಕಲ್ಲು ನೆಟ್ಟವನೇ ಬರೆದ ಲೆಕ್ಕ

ನಾನು ಈಗಿರುವುದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. ಇಲ್ಲಿಯ ರಾಯಲ್ ಎಕ್ಸ್‌ಚೇಂಜ್ ಈಗ ನಾಟಕ ಮಂದಿರ. ಮೊದಲು ಹತ್ತಿ ವ್ಯಾಪಾರದ ಪೇಟೆ. ಒಳಗೆ ಹೋಗಿ ತಲೆಯೆತ್ತಿದರೆ ದರದ ಹಲಗೆ ಕಾಣುತ್ತದೆ. 1968ರಲ್ಲಿ ವ್ಯಾಪಾರ ನಿಂತ ದಿನ ಇದ್ದ ದರಗಳನ್ನು ಹಾಗೇ ಬಿಟ್ಟಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಗದಗಿನ ಅಡತಿ ಅಂಗಡಿ ನೆನಪಾಗುತ್ತದೆ. ದಲಾಲ ಅಂಡಿಗೆಗೆ ಕೈಹಾಕಿ ಒಂದು ಹಿಡಿ ಹತ್ತಿ ತೆಗೆದು, ಎರಡೂ ಕೈಯಿಂದ ಮೆಲ್ಲಗೆ ಎಳೆದು, ಎಳೆ ಎಷ್ಟು ಉದ್ದ ಅಂತ ನೋಡುತ್ತಿದ್ದ. ಅಪ್ಪ ಉಸಿರು ಬಿಗಿಹಿಡಿದು ಅವನ ಮುಖ ನೋಡುತ್ತ ನಿಂತಿರುತ್ತಿದ್ದ. ಆ ವರ್ಷದ ಹಬ್ಬ, ಶಾಲೆ ಫೀ ಎಲ್ಲ ಆ ಎಳೆಯ ಮೇಲೇ ನಿಂತಿತ್ತು.

ಈ ಊರಿನವರು ತಮ್ಮ ಹತ್ತಿಯ ಕಥೆಯನ್ನು ಜೋಪಾನ ಮಾಡಿಕೊಂಡಿದ್ದಾರೆ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪೇಟೆಯ ನಡುವೆ ಅಬ್ರಹಾಂ ಲಿಂಕನ್ ಪ್ರತಿಮೆ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿ ಬರುವುದು ನಿಂತು ಇಲ್ಲಿಯ ಗಿರಣಿ ಕೆಲಸಗಾರರು ಉಪವಾಸ ಬಿದ್ದರೂ ಗುಲಾಮಗಿರಿಯ ವಿರುದ್ಧ ನಿಂತರು. 1863ರಲ್ಲಿ ಲಿಂಕನ್ ಅವರಿಗೆ ಕಾಗದ ಬರೆದು ನೆನೆದ. ಆ ಮಾತು ಪ್ರತಿಮೆಯ ಕೆಳಗೆ ಕೆತ್ತಿದೆ. ಮಕ್ಕಳನ್ನು ಕರೆತಂದು ಓದಿಸುತ್ತಾರೆ.

ಆದರೆ ಆಗ ಹತ್ತಿಗಾಗಿ ಇವರು ಯಾವ ಕಡೆ ತಿರುಗಿದರು ಅನ್ನುವುದನ್ನು ಅಲ್ಲಿ ಯಾರೂ ಬರೆದಿಲ್ಲ. ನಮ್ಮ ಕಡೆಯೂ ತಿರುಗಿದ್ದರು. 1840ರ ದಶಕದಲ್ಲೇ ಕಂಪನಿ ಸರ್ಕಾರ ಅಮೆರಿಕದ ಬೀಜ ತಂದು ಹಿಂದೂಸ್ತಾನದ ಹಲವು ಕಡೆ ಬಿತ್ತಿಸಿತ್ತು. ಅದು ಚೆನ್ನಾಗಿ ಹಿಡಿದದ್ದು ನಮ್ಮ ಎರೆಹೊಲಗಳಲ್ಲಿ. ‘ಧಾರವಾಡ ಅಮೆರಿಕನ್’ ಅಂತಲೇ ಅದಕ್ಕೆ ಹೆಸರಾಯಿತು. ಇನ್ನೊಂದು ‘ಕುಮಟಾ’ ಹತ್ತಿ. ಅದೂ ನಮ್ಮದೇ. ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು, ಬಂದರಿನ ಹೆಸರೇ ಹತ್ತಿಗೂ ನಿಂತಿತು. 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು.

ನಾನು ಧಾರವಾಡದಲ್ಲೇ ಡಿಗ್ರಿ ಓದಿದವನು. ಇದರಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ. ಕಿತ್ತೂರು ಚೆನ್ನಮ್ಮ, ರಾಯಣ್ಣ, ನರಗುಂದದ ಬಾಬಾಸಾಹೇಬ, ಮುಂಡರಗಿ ಭೀಮರಾಯ ಗೊತ್ತಿದ್ದರು, ಗೊತ್ತಿರಲೇಬೇಕು. ಖಡ್ಗದ ಕಥೆ ನಾವು ಚೆನ್ನಾಗಿ ಹೇಳುತ್ತೇವೆ. ಖಾತೆ ಕಿರ್ದಿಯ ಕಥೆ ಹೇಳುವುದೇ ಇಲ್ಲ. ನನಗೆ ಸಂಕಟ ಆಗುವುದು ಇದಕ್ಕೇ.

ಅಣ್ಣಿಗೇರಿ ಕಡೆಯ ನಮ್ಮ ಹೊಲದ ಮೂಲೆಯಲ್ಲಿ ಒಂದು ಬಾಂದ ಕಲ್ಲಿದೆ, ಹೊಲದ ಗಡಿ ತೋರಿಸುವ ಕಲ್ಲು. ಮೊದಲ ಸರ್ವೆಯ ಕಾಲದ್ದು ಅಂತ ಮನೆಯಲ್ಲಿ ಹೇಳುತ್ತಾರೆ. ಆ ಸರ್ವೆ ನಡೆಸಿದ ಅಧಿಕಾರಿ ಜಾರ್ಜ್ ವಿಂಗೇಟ್. ಮಣ್ಣಿನ ಬಣ್ಣ, ಆಳ ನೋಡಿ ಹೊಲಕ್ಕೆ ಇಷ್ಟು ಆಣೆ ಅಂತ ತರಗತಿ ಹಚ್ಚಿ, 30 ವರ್ಷಕ್ಕೆ ಕಂದಾಯ ಕಟ್ಟಿಹಾಕಿದ ಪದ್ಧತಿ ಅವನದು ಮತ್ತು ಗೋಲ್ಡ್‌ಸ್ಮಿಡ್ ಅನ್ನುವ ಇನ್ನೊಬ್ಬ ಅಧಿಕಾರಿಯದು. ಸರ್ವೆ ನಂಬರು, ಗುಂಟೆ, ಆಕಾರ (ಹೊಲಕ್ಕೆ ಕಟ್ಟಿದ ಕಂದಾಯ) ಅಂತ ನಾವು ಇವತ್ತೂ ಆಡುವ ಮಾತೆಲ್ಲ ಆ ದಫ್ತರದ್ದು.

ಅದೇ ವಿಂಗೇಟ್ 1859ರಲ್ಲಿ ಇಂಗ್ಲೆಂಡಿಗೂ ಹಿಂದೂಸ್ತಾನಕ್ಕೂ ಇರುವ ಹಣದ ಸಂಬಂಧದ ಮೇಲೆ ಕಿರುಹೊತ್ತಿಗೆ ಬರೆದ. ಒಂದು ನಾಡಿನಲ್ಲಿ ಎತ್ತಿದ ತೆರಿಗೆ ಅಲ್ಲೇ ಖರ್ಚಾದರೆ ಮತ್ತೆ ಜನರ ಕೈಗೆ ಬರುತ್ತದೆ. ಬೇರೆ ನಾಡಿನಲ್ಲಿ ಖರ್ಚಾದರೆ ಸಮುದ್ರಕ್ಕೆ ಎಸೆದಂತೆ. ಇದು ಅವನ ವಾದ. ಅದಕ್ಕೆ ಅವನು ಕಪ್ಪ ಅಂತಲೇ ಹೆಸರಿಟ್ಟ. ಖಡ್ಗ ಹಿಡಿದ ಹುತಾತ್ಮರಲ್ಲ, ನಮ್ಮ ಹೊಲ ಅಳೆಸಿದ ಸಾಹೇಬನೇ ಇದನ್ನು ಬರೆದ. ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಹಣ ಹೋಗುತ್ತಿದ್ದ ದಾರಿ ಹೀಗೆ. ಹತ್ತಿ ಕೊಳ್ಳುವ ಬಿಳಿಯ ವ್ಯಾಪಾರಿ ಪೌಂಡುಗಳನ್ನು ಲಂಡನ್ನಿನಲ್ಲೇ ಭಾರತದ ಆಡಳಿತ ನೋಡುವ ಬ್ರಿಟಿಷ್ ಮಂತ್ರಿಯ ಕಚೇರಿಗೆ ಕಟ್ಟುತ್ತಿದ್ದ. ಅವರು ಒಂದು ಹುಂಡಿ ಬರೆದುಕೊಡುತ್ತಿದ್ದರು, ಕೌನ್ಸಿಲ್ ಬಿಲ್ ಅಂತ. ಆ ಹುಂಡಿಗೆ ಮುಂಬೈ ಅಥವಾ ಕಲ್ಕತ್ತೆಯ ಖಜಾನೆಯಲ್ಲಿ ರೂಪಾಯಿ ಸಿಗುತ್ತಿತ್ತು. ಆ ರೂಪಾಯಿ ಎಲ್ಲಿಂದ ಬಂತು? ರೈತ ಕಟ್ಟಿದ ಕಂದಾಯದಿಂದ. ಅಂದರೆ ನಮ್ಮ ಮುತ್ತಜ್ಜನ ಹತ್ತಿಗೆ ಬೆಲೆ ಕೊಟ್ಟಿದ್ದು ನಮ್ಮ ಮುತ್ತಜ್ಜನಂಥವರ ದುಡ್ಡೇ. ಪೌಂಡು ಮಾತ್ರ ಲಂಡನ್ನಿನಲ್ಲೇ ಉಳಿಯಿತು. ಸಾಲದ ಬಡ್ಡಿ, ಸಾಹೇಬರ ಪೆನ್ಶನ್, 1857ರ ದಂಗೆ ಅಡಗಿಸಿದ ಖರ್ಚು, ಎಲ್ಲ ಅದರಲ್ಲೇ. ಕಂಪನಿಯ ಷೇರುದಾರರಿಗೆ ವರ್ಷಕ್ಕೆ ಶೇ. 10.5 ಲಾಭಾಂಶವನ್ನೂ ನಮ್ಮ ಆದಾಯದಿಂದಲೇ 1874ರವರೆಗೆ ಕೊಟ್ಟರು.

‘ರೈಲಾದ್ರೂ ಕೊಟ್ರಲ್ಲ’ ಅನ್ನುವವರು ನಮ್ಮಲ್ಲೇ ಜಾಸ್ತಿ. ನಮ್ಮ ಕಾಕಾ ಹುಬ್ಬಳ್ಳಿ ವರ್ಕ್‌ಶಾಪಿನಲ್ಲಿ ದುಡಿದವರು, ರೈಲಿನ ಮೇಲೆ ನನಗೂ ಪ್ರೀತಿ ಇದೆ. ಆದರೆ ಮೊದಲ ರೈಲು ಕಂಪನಿಗಳ ಬಂಡವಾಳಕ್ಕೆ ಶೇ. 5 ಬಡ್ಡಿ ಖಾತ್ರಿ ಇತ್ತು. ರೈಲು ನಷ್ಟದಲ್ಲಿ ಓಡಿದರೂ ಅಷ್ಟು ಸಲ್ಲಬೇಕು, ಕೊಡುವವರು ನಾವು. ಇದಕ್ಕೆ ಕೊಡುಗೆ ಅಂತಾರಾ? ಗಿರಣಿಯದ್ದೂ ಅಷ್ಟೇ. 1896ರಲ್ಲಿ ಬರುವ ಬಟ್ಟೆಗೆ ಶೇ. 3.5 ಸುಂಕ ಹಾಕಿದರು. ಈ ಊರಿನ ಗಿರಣಿಗಳಿಗೆ ತೊಂದರೆ ಆಗಬಾರದು ಅಂತ ನಮ್ಮ ಗಿರಣಿ ಬಟ್ಟೆಗೂ ಅಷ್ಟೇ ತೆರಿಗೆ ಹಾಕಿದರು. ಅದು ಹೋಗಿದ್ದು 1920ರ ದಶಕದಲ್ಲಿ.

ಇಲ್ಲಿ ನನ್ನ ಮನೆಗೆ ಪ್ರತಿ ಮಾರ್ಚಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಚೀಟಿ ಬರುತ್ತದೆ. ಪೊಲೀಸರಿಗೆ ಎಷ್ಟು, ವಯಸ್ಸಾದವರ ಆರೈಕೆಗೆ ಎಷ್ಟು ಅಂತ ಬಿಡಿಸಿ ಬರೆದಿರುತ್ತಾರೆ. ಕಟ್ಟಿದವನಿಗೆ ಲೆಕ್ಕ ಕೇಳುವ ಹಕ್ಕಿದೆ ಅನ್ನುವುದು ಈ ಜನರಿಗೆ ರಕ್ತಗತ. ನಮ್ಮ ಹಳ್ಳಿಯ ಶಾಲೆಯಲ್ಲೂ ಮೇಷ್ಟ್ರು ಒಂದು ದಿನ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಬಾಂದ ಕಲ್ಲು ತೋರಿಸಿ, ಈ ಹುಂಡಿಯ ಲೆಕ್ಕ ಹೇಳಲಿ ಅಂತ ನನ್ನ ಆಸೆ. ಏಳನೇ ತರಗತಿಯ ಹುಡುಗಿಗೂ ತಿಳಿಯುವ ಲೆಕ್ಕ ಇದು.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾಗೆ ಎಲ್ಲ ಹೇಳಿದೆ. ಸುಮ್ನೆ ಕೇಳಿದರು. ಆಮೇಲೆ, ‘ಕಲ್ಲು ನೆಟ್ಟಾಂವನ ಹಿಂಗ ಬರದಾನೇನು?’ ಅಂದರು. ಒಳಗೆ ಹೋಗಿ ಟ್ರಂಕು ತೆಗೆದು, ಮಡಿಕೆಯಲ್ಲಿ ಹರಿದ ಹೊಲದ ಹಳೇ ಉತಾರ ತಂದರು. ಆಕಾರದ ಅಂಕಿಯ ಮೇಲೆ ಬೆರಳಿಟ್ಟು, ‘ಇದರಾಗ ಎಷ್ಟು ಅಲ್ಲಿಗೆ ಹೋತು, ಲೆಕ್ಕಾ ಹಾಕು’ ಅಂದರು.